ಹಾಡು ಕಟ್ಟಿದವಳ ಬಿದಾಗಿ

ನನ್ನ ಕೈಗೆ ಸುಮ್ಮನಿರುವುದು ಗೊತ್ತಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರಲ್ಲ, ಹಾಗೆ. ಕೂತರೆ ಮೇಜಿನ ಮೇಲೆ ಬೆರಳು ಬಡಿಯುತ್ತೇನೆ, ನಿಂತರೆ ಅಂಗಿಯ ಗುಂಡಿ ತಿರುವುತ್ತೇನೆ, ಮಲಗಿದರೆ ಹೊದಿಕೆಯ ದಾರ ಕೀಳುತ್ತೇನೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಇದನ್ನು ನೋಡಿ ನಕ್ಕಳು, ಆಮೇಲೆ ಬೈದಳು, ಕೊನೆಗೆ ಕೈಬಿಟ್ಟಳು. ಈ ಕೈಗಳಿಂದಲೇ ನಾನು ಯುದ್ಧದ ಕಾಲದಲ್ಲಿ ಗೋಕಾಕದ ನನ್ನ ಚಹಾದಂಗಡಿಯಲ್ಲಿ ಎಷ್ಟೋ ಹಾಡುಗಳ ಬಾಯಿ ಮುಚ್ಚಿಸಿದೆ. ಮೂಡಲಗಿಯ ಒಬ್ಬ ತಾಯಿಗೆ ಎಲ್ಲಿದ್ದಾಳೋ ತಿಳಿಯದ ತನ್ನ ಮಗಳಿಗೆ ಒಂದು ಮಾತು ಮುಟ್ಟಿಸಬೇಕಿತ್ತು. ಆ ಕೆಲಸವೂ ಇದೇ ಕೈಗೆ ಬಂತು. ಅದನ್ನು ನಾನು ಮಾಡಿದ ರೀತಿ ನೆನೆದರೆ ಈಗಲೂ ಕೂತಲ್ಲಿ ಕೂಡಲಾಗುವುದಿಲ್ಲ, ಎದ್ದು ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ ಬರುತ್ತೇನೆ.

ಆಗ ಸಕ್ಕರೆ ಸಿಗುತ್ತಿರಲಿಲ್ಲ. ಬೆಲ್ಲದ ಚಹಾ ಮಾರುತ್ತಿದ್ದೆ. ಬೆಲ್ಲದ ಚಹಾ ಕುಡಿಯಲು ಯಾರು ಅಂಗಡಿಗೆ ಬರುತ್ತಾರೆ, ಅದು ಮನೆಯಲ್ಲೂ ಸಿಗುತ್ತದೆ. ಮಂದಿ ಕಡಿಮೆಯಾದರು. ನನ್ನ ತಲೆ ಸುಮ್ಮನಿರಬೇಕಲ್ಲ! ಕೊಲ್ಲಾಪುರದಲ್ಲಿ ಒಬ್ಬ ಅಧಿಕಾರಿ ಊರು ಬಿಡುವಾಗ ಮಾರಾಟಕ್ಕಿಟ್ಟ ರೇಡಿಯೋ ಇದೆಯೆಂದು ಕೇಳಿ ಹೋಗಿ ಕೊಂಡು ತಂದೆ. ಹೆಂಡತಿಯ ಎರಡು ಬಳೆ ಅದರಲ್ಲಿ ಕರಗಿದವು. ಅದಕ್ಕೆ ಲಾರಿಗೆ ಹಾಕುವಂಥ ದೊಡ್ಡ ಬ್ಯಾಟರಿ. ಅದನ್ನು ವಾರಕ್ಕೊಮ್ಮೆ ಗಾಡಿಯಲ್ಲಿ ಹೇರಿಕೊಂಡು ಹೋಗಿ ಕರೆಂಟು ತುಂಬಿಸಿ ತರಬೇಕು. ಪೋಸ್ಟ್ ಆಫೀಸಿನಲ್ಲಿ ದುಡ್ಡು ಕಟ್ಟಿ ಲೈಸೆನ್ಸು ಮಾಡಿಸಿದೆ, ಅದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಬಾಜೂಕೇ ತೂಗಹಾಕಿದೆ.

ಮಂದಿ ಬಂದರು ನೋಡಿ! ಸುತ್ತಲಿನ ಹಳ್ಳಿಗಳಿಂದ ದಂಡಿಗೆ ಹೋದ ಹುಡುಗರ ಅಪ್ಪಂದಿರು ಬಂದರು, ಹತ್ತಿಯ ದಲಾಲರು ಬಂದರು, ಏನೂ ಕೆಲಸವಿಲ್ಲದವರು ಎಲ್ಲರಿಗಿಂತ ಮೊದಲು ಬಂದರು. ಸುದ್ದಿಗೆ ಬಂದವರು ಹಾಡಿಗೆ ಕೂತರು, ಹಾಡಿಗೆ ಕೂತವರು ಇನ್ನೊಂದು ಕಪ್ಪು ಹೇಳಿದರು. ಸಂತೆಯ ದಿನ ಮಧ್ಯಾಹ್ನ ಮುಂಬಯಿಯಿಂದ ಅರ್ಧ ತಾಸು ಕನ್ನಡ ಹಾಡುಗಳು ಬರುತ್ತಿದ್ದವು. ಆ ಹೊತ್ತಿಗೆ ಬೆಂಚಿನ ಮೇಲೆ ಜಾಗ ಸಾಲದೆ ಮಂದಿ ಹೊರಗೆ ನೆಲದ ಮೇಲೆ ಕುಕ್ಕರಿಸುತ್ತಿದ್ದರು.

ಎಂಟು ತಿಂಗಳು ಹೀಗೆ ನಡೆಯಿತು. ಆಮೇಲೆ ಮುಂಬಯಿಯ ಒಂದು ಕಚೇರಿಯಿಂದ ಇಂಗ್ಲಿಷ್ ಕಾಗದ ಬಂತು. ಗೋಕಾಕದಲ್ಲಿ ಓದಬಲ್ಲವರು ಇದ್ದರು, ಆದರೆ ಅವರಿಗೆ ತೋರಿಸಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಹುಕ್ಕೇರಿಯಲ್ಲಿ ನನ್ನ ಅಕ್ಕನ ಗಂಡ ಮಾಮ್ಲೇದಾರ ಕಚೇರಿಯಲ್ಲಿ ಕಾರಕೂನ. ನಾನು ಅವರನ್ನು ಮಾಮಾ ಅನ್ನುತ್ತಿದ್ದೆ. ಕಾಗದವನ್ನು ಒಳಜೇಬಿನಲ್ಲಿಟ್ಟುಕೊಂಡು ಹುಕ್ಕೇರಿ ಬಸ್ಸು ಹತ್ತಿದೆ. ಪೆಟ್ರೋಲು ಸಿಗದೆ ಇದ್ದಲಿನ ಗ್ಯಾಸಿನ ಮೇಲೆ ಬಸ್ಸು ಓಡಿಸುತ್ತಿದ್ದ ದಿನಗಳು ಅವು. ಏರು ಬಂದರೆ ಟಿಕೀಟು ಕೊಟ್ಟವರೇ ಇಳಿದು ನೂಕಬೇಕು. ನೂಕುತ್ತಾ ನೂಕುತ್ತಾ ಹುಕ್ಕೇರಿ ಮುಟ್ಟಿದೆ.

ಮಾಮಾ ಕನ್ನಡಕ ಏರಿಸಿ ಎರಡು ಸಲ ಓದಿದರು. ನಾನು ಅವರ ಮಸಿಯ ದೌತಿಯ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದೆ, ಕೈಮೇಲೆ ಒಂದು ಹೊಡೆದರು. ಕಾಗದದ ಸಾರ ಇಷ್ಟೇ ಇತ್ತು. ಮನೆಯಲ್ಲಿ ಕೂತು ರೇಡಿಯೋ ಕೇಳಿದರೆ ಪೋಸ್ಟಿನ ಲೈಸೆನ್ಸು ಸಾಕು. ವ್ಯಾಪಾರದ ಜಾಗದಲ್ಲಿ ನಾಲ್ಕು ಮಂದಿಗೆ ಕೇಳಿಸಿದರೆ ಆ ಹಾಡು ಕಟ್ಟಿದವರಿಗೆ ಬೇರೆ ಫೀ ಸಲ್ಲಬೇಕು. ಆ ಫೀಯನ್ನು ವರ್ಷಕ್ಕೊಮ್ಮೆ ಈ ಕಚೇರಿ ಎತ್ತಿ ಹಾಡು ಕಟ್ಟಿದವರಿಗೆ ಹಂಚುತ್ತದೆ. ಸುದ್ದಿಗೆ ಫೀ ಇಲ್ಲ, ಹಾಡಿಗೆ ಮಾತ್ರ.

ನನಗೆ ಮೈ ಉರಿಯಿತು. ರೇಡಿಯೋ ನನ್ನದು, ಬ್ಯಾಟರಿ ನನ್ನದು, ಸರಕಾರಕ್ಕೆ ಕಟ್ಟಿದ್ದಾಗಿದೆ, ಈಗ ಗಾಳಿಯಲ್ಲಿ ಬಂದದ್ದಕ್ಕೂ ಕಂದಾಯವೇ ಅಂತ ಕೂಗಾಡಿದೆ. ನಮ್ಮ ಮಠದಲ್ಲಿ ನೂರಾರು ವರ್ಷದಿಂದ ಶರಣರ ವಚನ ಹಾಡುತ್ತಾರೆ, ಯಾವ ಶರಣ ಬಂದು ಫೀ ಕೇಳಿದ ಅಂದೆ. ಮಾಮಾ ಶಾಂತ ಮನುಷ್ಯ. ಅವರು ನನಗೆ ತಿಳಿಯುವ ಹಾಗೆ ಹೇಳಲು ನೋಡಿದರು: “ಗವಾಯಿಗಳು ಮನೀಗೆ ಬಂದು ಹಾಡಿದ್ರ ಬಿದಾಗಿ ಕೊಟ್ಟು ಕಳಸೂದಿಲ್ಲೇನು ನಾವು? ಇದನ್ನೂ ಹಂಗ ತಿಳಕೋ.”

ಈ ಒಂದು ಮಾತು ನನ್ನ ತಲೆಯಲ್ಲಿ ತಪ್ಪು ಜಾಗಕ್ಕೆ ಹೋಗಿ ಕೂತಿತು. ಬಿದಾಗಿ ನಮಗೆ ಗೊತ್ತಿಲ್ಲದ್ದೇ? ಹಾಡು ಮುಗಿದ ಮೇಲೆ ಹಾಡಿದವರನ್ನು ಮಣೆಯ ಮೇಲೆ ಕೂಡಿಸಿ, ರುಮಾಲು ಸುತ್ತಿ, ತಾಟಿನಲ್ಲಿ ರೂಪಾಯಿ ಇಟ್ಟು, ಕೈಮುಗಿದು ಕೊಡುವುದು. ಕೈಯಿಂದ ಕೈಗೆ. ಮುಖ ನೋಡಿ. ಮುಂಬಯಿಯ ಯಾವುದೋ ಕಚೇರಿಯ ಕಿಟಕಿಯಲ್ಲಿ ಮನಿಆರ್ಡರ್ ತೂರಿದರೆ ಅದು ಬಿದಾಗಿ ಹೇಗಾಗುತ್ತದೆ? ಹಾಡು ಕಟ್ಟಿದವರು ಯಾರಾದರೂ ನನ್ನ ಅಂಗಡಿಗೆ ಬರಲಿ, ಅವರ ಕೈಯಲ್ಲೇ ಕೊಡುತ್ತೇನೆ, ಕಚೇರಿಗೆ ಮಾತ್ರ ಕೊಡುವುದಿಲ್ಲ ಎಂದು ಹೇಳಿ ಬಂದೆ. ಅಲ್ಲಿಯವರೆಗೆ ನನ್ನ ರೇಡಿಯೋ ಬರೀ ಸುದ್ದಿ ಹೇಳಬೇಕು.

ಹೇಳಿದಷ್ಟು ಸುಲಭವಿರಲಿಲ್ಲ. ಸುದ್ದಿ ಯಾವಾಗ ಮುಗಿಯುತ್ತದೆ, ಹಾಡು ಯಾವಾಗ ಸುರುವಾಗುತ್ತದೆ ಎಂದು ಕಾಯುತ್ತಾ ರೇಡಿಯೋದ ಬಾಜೂಕೆ ಸ್ಟೂಲು ಹಾಕಿ ಕೂಡಬೇಕಾಯಿತು. ತಂಬೂರಿ ಮೀಟಿದ ಸದ್ದು ಕೇಳಿದರೆ ಸಾಕು, ಗುಂಡಿ ತಿರುವುತ್ತಿದ್ದೆ. ಹಾಡು ಮುಗಿದಿರಬೇಕು ಎಂದು ಅಂದಾಜು ಮಾಡಿ ಮತ್ತೆ ತಿರುವಿದರೆ ಒಮ್ಮೊಮ್ಮೆ ಹಾಡಿನ ನಡುವೆಯೇ ಬೀಳುತ್ತಿದ್ದೆ, ಒಮ್ಮೊಮ್ಮೆ ಅರ್ಧ ಸುದ್ದಿ ಹೋಗಿರುತ್ತಿತ್ತು. ಸುದ್ದಿಗೆ ಮೊದಲು ಬರುವ ವಾದ್ಯವೂ ಹಾಡೇ ಎಂದು ಅದನ್ನೂ ನಿಲ್ಲಿಸುತ್ತಿದ್ದೆ. ಗಿರಾಕಿಗಳಿಗೆ ಇದೊಂದು ನಗೆಯಾಟವಾಯಿತು. ಜಪಾನಿನವನು ಎಲ್ಲಿಯವರೆಗೆ ಬಂದ ಎಂದು ಹೊರಗಿನಿಂದ ಯಾರಾದರೂ ಕೇಳಿದರೆ, ಸಾವಕಾರರು ಅವನ ಕಿವಿ ಹಿಂಡಿದ್ದಾರೆ, ಅಲ್ಲೇ ನಿಂತಿದ್ದಾನೆ ಎಂದು ಒಳಗಿನವರು ಹೇಳುತ್ತಿದ್ದರು. ನಾನು ಸಿಟ್ಟಿಗೆದ್ದು ಬೈಯುತ್ತಿದ್ದೆ. ಸಿಟ್ಟು ಗಿರಾಕಿಗಳ ಮೇಲಿರಲಿಲ್ಲ, ಮುಂಬಯಿಯ ಮೇಲಿತ್ತು, ಆದರೆ ಮುಂಬಯಿ ಕೈಗೆ ಸಿಗುವುದಿಲ್ಲವಲ್ಲ.

ನಮ್ಮ ಅಂಗಡಿಯ ಎದುರಿಗೆ ಒಂದು ಅರಿವೆಯ ಅಂಗಡಿ. ಸಂತೆಯ ದಿನ ಅದರ ಮೆಟ್ಟಿಲ ಮೇಲೆ ಮೂಡಲಗಿಯಿಂದ ಬಂದ ಒಬ್ಬ ಹೆಂಗಸು ಕೂಡುತ್ತಿದ್ದಳು. ಹರಕು ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿದು ಮಾರುವುದು ಅವಳ ಕೆಲಸ. ಐವತ್ತರ ಆಸುಪಾಸು, ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಮಾರಲು ತಂದ ಕೌದಿಗಳನ್ನು ಮಗ್ಗುಲಿಗೆ ಒಟ್ಟಿಕೊಂಡು, ತೊಡೆಯ ಮೇಲೆ ಇನ್ನೊಂದನ್ನು ಹಾಕಿಕೊಂಡು ಹೊಲಿಯುತ್ತಲೇ ಇರುತ್ತಿದ್ದಳು. ಮಾತು ಕಡಿಮೆ. ಹೆಂಗಸರು ಚಹಾದಂಗಡಿಯೊಳಗೆ ಬರುವ ಪದ್ಧತಿ ಆಗ ಇರಲಿಲ್ಲ. ಚಹಾ ಬೇಕಾದರೆ ನನ್ನ ಹೆಂಡತಿ ಹಿತ್ತಲ ಬಾಗಿಲಿನಿಂದ ಕೊಡುತ್ತಿದ್ದಳು.

ಒಂದು ಸಂತೆಯ ಮಧ್ಯಾಹ್ನ ಸುದ್ದಿ ಮುಗಿದು ಕನ್ನಡದ ಅರ್ಧ ತಾಸು ಸುರುವಾಯಿತು. ನಾನು ಭಜಿಯ ಲೆಕ್ಕದಲ್ಲಿ ಯಾರೊಂದಿಗೋ ಜಗಳವಾಡುತ್ತಿದ್ದವನು ಗುಂಡಿ ತಿರುವಲು ಒಂದು ಕ್ಷಣ ತಡಮಾಡಿದೆ. ಅಷ್ಟರಲ್ಲಿ ಒಂದು ಹೆಣ್ಣುದನಿ ಹೊರಬಿತ್ತು: “ಮುಕ್ಕಾದ ಕಲ್ಲ, ಮೆಲ್ಲಕ ತಿರುಗ, ತೊಡಿಮ್ಯಾಗ ಕೂಸೈತಿ.” ಬೀಸುವ ಕಲ್ಲಿನ ಪದ. ತೊಡೆಯ ಮೇಲೆ ಕೂಸು ಮಲಗಿಸಿಕೊಂಡು ಜೋಳ ಬೀಸುವವಳು ಕಲ್ಲಿಗೆ ಹೇಳುವ ಮಾತು. ನಾನು ಹಾರಿಹೋಗಿ ರೇಡಿಯೋದ ಕಿವಿ ಹಿಂಡಿದೆ. ತಲೆ ಎತ್ತಿ ನೋಡಿದರೆ ಆ ಹೆಂಗಸು ಅಂಗಡಿಯ ನಡುವೆ, ಗಂಡಸರ ಬೆಂಚುಗಳ ನಡುವೆ ನಿಂತಿದ್ದಾಳೆ. ಸೂಜಿ ಕೈಯಲ್ಲೇ ಇತ್ತು, ಕೌದಿ ರಸ್ತೆಯಲ್ಲಿ ಬಿದ್ದಿತ್ತು.

“ಹಚ್ಚರಿ,” ಅಂದಳು.

ಬೆಂಚಿನವರು ಗದ್ದಲ ಎಬ್ಬಿಸಿದರು, ಅವರನ್ನು ಬೈದು ಕೂಡಿಸುವುದರಲ್ಲಿ ಸ್ವಲ್ಪ ಹೊತ್ತು ಹೋಯಿತು. ಹಚ್ಚಿದೆ. ಆ ಹಾಡು ಮುಗಿದು ಬೇರೆ ಯಾರೋ ಗಂಡಸು ಹಾಡುತ್ತಿದ್ದ. ಅವಳು ಅದನ್ನೇ ಸ್ವಲ್ಪ ಹೊತ್ತು ಕೇಳುತ್ತಾ ನಿಂತಳು. ನನ್ನ ಹೆಂಡತಿ ಓಡಿಬಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದಳು. ಗಿರಾಕಿಗಳು ಬಿಸಿಲು ತಲೆಗೆ ಹತ್ತಿರಬೇಕು ಅಂದುಕೊಂಡರು. ನಾನೂ ಹಾಗೇ ಅಂದುಕೊಂಡೆ.

ಅಂಗಡಿಯ ಹಿಂದೆಯೇ ನಮ್ಮ ಮನೆ. ಅಡುಗೆಮನೆಯಲ್ಲಿ ಅವಳು ನನ್ನ ಹೆಂಡತಿಗೆ ಎಲ್ಲ ಹೇಳಿದಳು, ನಾನು ಬಾಗಿಲಲ್ಲಿ ನಿಂತು ಕೇಳಿದೆ. ಹಾಡಿದವಳು ಅವಳ ಮಗಳು. ಒಬ್ಬಳೇ ಮಗಳು. ಒಂಬತ್ತು ವರ್ಷದ ಹಿಂದೆ ಒಂದು ನಾಟಕ ಕಂಪನಿಯ ಜೊತೆ ಹೊರಟುಹೋದವಳು. ಕಂಪನಿ ಒಡೆದುಹೋಯಿತು, ಮಗಳು ಎಲ್ಲಿ ಹೋದಳೋ ಗೊತ್ತಾಗಲಿಲ್ಲ. ರೇಡಿಯೋದವರು ಹಾಡಿಗೆ ಮೊದಲು ಹೇಳಿದ ಹೆಸರು ಬೇರೆಯೇ ಇತ್ತು, ಆದರೆ ದನಿ ಬೇರೆಯಾಗುತ್ತದೆಯೇ? ಇನ್ನು ಆ ಪದ, ಅದನ್ನು ಕಟ್ಟಿದವಳು ತಾನೇ. ಮಗಳು ತೊಡೆಯ ಮೇಲೆ ಮಲಗುವ ಕೂಸಾಗಿದ್ದಾಗ ಕಟ್ಟಿದ್ದು. ಮುಂದಿನ ನುಡಿಗಳನ್ನೂ ಸಣ್ಣ ದನಿಯಲ್ಲಿ ಹಾಡಿ ತೋರಿಸಿದಳು. ನನ್ನ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ನಾನು ಅಳುವ ಜಾತಿಯವನಲ್ಲ, ಅನುಮಾನದ ಜಾತಿಯವನು. ಎರಡು ದಿನ ಬಿಟ್ಟು ಅರಭಾವಿಯ ಮೇಲಿಂದ ಮೂಡಲಗಿಗೆ ಹೋದೆ. ಅವಳ ಮನೆ ಎಂದರೆ ಒಂದು ಕೋಣೆ, ಒಂದು ಪಡಸಾಲೆ. ಪಡಸಾಲೆಯ ಮೂಲೆಯಲ್ಲಿ ಬೀಸುವ ಕಲ್ಲು. ಕೂತು ಬೆರಳಾಡಿಸಿ ನೋಡಿದೆ. ಮೇಲಿನ ಕಲ್ಲಿನ ಅಂಚು ಅಂಗೈಯಗಲ ಮುಕ್ಕಾಗಿತ್ತು. ತಿರುವಿದರೆ ಸುತ್ತಿಗೊಮ್ಮೆ ಜಿಗಿಯುತ್ತಿತ್ತು. ತೊಡೆಯ ಮೇಲೆ ಕೂಸಿದ್ದರೆ ಎಚ್ಚರವಾಗುವಂತೆಯೇ ಜಿಗಿಯುತ್ತಿತ್ತು. ನನಗೆ ಆದ ಸಂತೋಷವನ್ನು ಹೇಳಲೇಬೇಕು, ಯಾಕೆಂದರೆ ಅದು ಒಳ್ಳೆಯ ಸಂತೋಷವಲ್ಲ. ತಾಯಿ-ಮಗಳ ವಿಷಯ ನನ್ನ ತಲೆಗೆ ಬರಲೇ ಇಲ್ಲ. ಹಾಡು ಕಟ್ಟಿದವಳು ಸಿಕ್ಕಳು, ಇನ್ನು ಆ ಕಚೇರಿಯವರಿಗೆ ಮೂಗಿನ ಮೇಲೆ ಬಡಿದ ಹಾಗೆ ಉತ್ತರ ಕೊಡಬಹುದು ಎಂದು ಹಿಗ್ಗಿದೆ.

ಮುಂದಿನ ಸಂತೆಯ ದಿನ ಅವಳನ್ನು ಮನೆಗೆ ಕರೆಸಿದೆ. ಹುಕ್ಕೇರಿಯಿಂದ ಮಾಮಾನನ್ನೂ ಕರೆಸಿದ್ದೆ. ಅವಳನ್ನು ಮಣೆಯ ಮೇಲೆ ಕೂಡಿಸಿದೆವು. ಗಂಡಸಾಗಿದ್ದರೆ ರುಮಾಲು ಸುತ್ತುತ್ತಿದ್ದೆವು, ಹೆಂಗಸಿಗೆ ಏನು ಎಂದು ನನ್ನ ಹೆಂಡತಿಯೇ ಯೋಚಿಸಿ ಒಂದು ಸೀರೆ ತರಿಸಿದ್ದಳು. ತಾಟಿನಲ್ಲಿ ಸೀರೆ, ಅದರ ಮೇಲೆ ಹನ್ನೊಂದು ರೂಪಾಯಿ. ನಾನು ಕೈಮುಗಿದು ಕೊಟ್ಟೆ. ಅವಳು ಏನೂ ತಿಳಿಯದೆ ಮಣೆಯ ತುದಿಯಲ್ಲಿ ಮುದುಡಿ ಕೂತಿದ್ದಳು. ಬೀಸುವ ಪದಕ್ಕೆ ಯಾರಾದರೂ ಬಿದಾಗಿ ಕೊಡುತ್ತಾರೆಯೇ ಎಂದು ಕೇಳಿದಳು. ಕಾನೂನೇ ಹಾಗಿದೆ ಎಂದು ಮಾಮಾನ ಮುಂದೆಯೇ ಜಂಬದಿಂದ ಹೇಳಿದೆ.

ಮಾಮಾ ಕಾಗದ ಬರೆದರು. ಇಂಥ ಹೆಸರಿನ, ಮೂಡಲಗಿಯ ಹೆಂಗಸು ಇಂಥ ಹಾಡನ್ನು ಕಟ್ಟಿದವಳು, ಆಕೆಗೆ ಸಲ್ಲಬೇಕಾದದ್ದನ್ನು ಅಂಗಡಿಯವನು ಆಕೆಯ ಕೈಯಲ್ಲೇ ಸಲ್ಲಿಸಿದ್ದಾನೆ, ಇದೋ ಆಕೆಯ ಹೆಬ್ಬೆಟ್ಟು. ಅವಳು ಹೆಬ್ಬೆಟ್ಟು ಒತ್ತಿದಳು. ಒತ್ತಿ, ಕಾಗದದಲ್ಲಿ ಕೆಳಗೆ ಉಳಿದಿದ್ದ ಖಾಲಿ ಜಾಗ ತೋರಿಸಿ ನನಗೆ ಹೇಳಿದಳು:

“ಸಾವಕಾರ್ರ, ಇಲ್ಲಿ ಒಂದು ಸಾಲು ಬರಸ್ರಿ. ನಿನ್ನ ಅವ್ವ ಬದಕ್ಯಾಳ, ಮೂಡಲಗ್ಯಾಗ ಅದ ಮನ್ಯಾಗ ಅದಾಳ, ಒಂದ ಸಲ ಬಂದು ಹೋಗು ಅಂತ. ರೊಕ್ಕ ಪಕ್ಕ ನನಗೇನೂ ಬ್ಯಾಡರಿ. ಆಕೀಗೆ ಇದು ಮುಟ್ಟಿದ್ರ ಸಾಕು.”

ಆಗಲಿ ಎಂದೆ. ಅವಳು ಬಸ್ಸಿಗೆ ಹೋದಮೇಲೆ ಮಾಮಾ ಪೆನ್ನು ಎತ್ತಿದರು. ನಾನು ತಡೆದೆ. ಹಾಡಿದವಳು ಇವಳ ಮಗಳು ಎಂದು ಬರೆದರೆ ಇದು ಮನೆಯ ಜಗಳ, ನೀವೇ ಬಗೆಹರಿಸಿಕೊಳ್ಳಿ, ನಮ್ಮ ಫೀ ನಮಗೆ ಕೊಡಿ ಅನ್ನುತ್ತಾರೆ, ವ್ಯವಹಾರದ ಕಾಗದದಲ್ಲಿ ಅಳು ಯಾಕೆ ಅಂದೆ. ಮಾಮಾ ನನ್ನ ಮುಖ ನೋಡಿದರು. ಮುಂದಿನ ಕಾಗದದಲ್ಲಿ ಬರೆಯೋಣ ಅಂದೆ. ಆ ಸಾಲು ಬರೆಯದೆ ಕಾಗದ ಪೋಸ್ಟಿಗೆ ಬಿತ್ತು.

ಆಮೇಲೆ ಸುರುವಾಯಿತು ನನ್ನ ಪಾಡು. ಸಂತೆಯ ದಿನ ಬಂದರೆ ಅವಳು ಕೌದಿ ಇಳಿಸುವ ಮೊದಲೇ ಹಿತ್ತಲ ಬಾಗಿಲಿಗೆ ಬಂದು, ಮುಂಬಯಿಯಿಂದ ಉತ್ತರ ಬಂತೇ, ಆ ಸಾಲು ಬರೆಸಿದಿರಲ್ಲ ಎಂದು ಕೇಳುತ್ತಿದ್ದಳು. ಮೊದಲ ವಾರ ನಾನು ಗೋಣು ಹಾಕಿದೆ. ಎರಡನೆಯ ವಾರ ಹೂಂ ಅಂದೆ. ಮೂರನೆಯ ವಾರ ಅವಳು ಬರುವ ಹೊತ್ತಿಗೆ ಬ್ಯಾಟರಿ ತುಂಬಿಸುವ ನೆಪ ಮಾಡಿ ಊರ ಹೊರಗೆ ಹೋದೆ. ಘಟಪ್ರಭೆಯ ದಂಡೆಗೆ ಹೋಗಿ ಕೂತೆ, ಕೂಡಲಾಗಲಿಲ್ಲ, ಎದ್ದೆ, ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ಅಡ್ಡಾಡಿದೆ. ಒಂದು ಸಾಲು, ಹತ್ತು ಹನ್ನೆರಡು ಮಾತು. ಬರೆದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಇನ್ನೊಂದು ಕಾಗದ ಹಾಕಿಬಿಡೋಣ ಎಂದು ಮಾಮಾನಿಗೆ ಹೇಳಿ ಕಳಿಸಿದರೆ, ಮೊದಲಿನದಕ್ಕೆ ಉತ್ತರ ಬರಲಿ, ಗಡಿಬಿಡಿ ಮಾಡಬೇಡ ಎಂದು ಹೇಳಿ ಕಳಿಸಿದರು. ನನ್ನ ಹೆಂಡತಿಗೆ ನಿಜ ಗೊತ್ತಿತ್ತು. ಅವಳು ನನ್ನೊಂದಿಗೆ ಮಾತು ಬಿಟ್ಟಳು. ಊಟಕ್ಕೆ ಬಡಿಸುವಾಗ ತಾಟನ್ನು ನೆಲಕ್ಕೆ ಕುಕ್ಕುತ್ತಿದ್ದಳು.

ಈ ನಡುವೆ ಇನ್ನೊಂದು ಸಲ ಆ ಹಾಡು ಬಂತು. ನಾನು ಅದಕ್ಕೆ ಬಿದಾಗಿ ಕೊಟ್ಟವನಲ್ಲವೇ, ಗುಂಡಿ ಮುಟ್ಟಲಿಲ್ಲ. ಮೊದಲ ನುಡಿಯಿಂದ ಕೊನೆಯ ನುಡಿಯವರೆಗೆ ಅವಳು ನಮ್ಮ ಅಡುಗೆಮನೆಯಲ್ಲಿ ಹಾಡಿದ್ದಂತೆಯೇ ಇತ್ತು, ಒಂದಕ್ಷರ ಆಚೆ ಈಚೆ ಇಲ್ಲ. ಎದುರಿನ ಮೆಟ್ಟಿಲ ಮೇಲೆ ಅವಳು ಹೊಲಿಗೆ ನಿಲ್ಲಿಸಿ ಕಣ್ಣು ಮುಚ್ಚಿ ಕೂತಿದ್ದಳು. ಹಾಡು ಮುಗಿದ ಮೇಲೆ ನನ್ನ ಕಡೆ ನೋಡಿ ನಕ್ಕಳು. ಅವಳು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಎರಡು ತಿಂಗಳಿಗೆ ಉತ್ತರ ಬಂತು. ಮತ್ತೆ ಹುಕ್ಕೇರಿ, ಮತ್ತೆ ಮಾಮಾ, ಮತ್ತೆ ಕನ್ನಡಕ. ಈ ಸಲ ಓದಿದ ಮೇಲೆ ಮಾಮಾ ಕನ್ನಡಕ ತೆಗೆದಿಟ್ಟರು. ನಾನು ಕಾಗದ ಕಸಿದುಕೊಂಡು, ಓದಲು ಬಾರದಿದ್ದರೂ ಹಿಂದೆ ಮುಂದೆ ತಿರುವಿ ನೋಡಿದೆ. ಕಚೇರಿಯವರು ಬರೆದಿದ್ದರು: ಈ ಹಾಡನ್ನು ಕಟ್ಟಿದವಳು ಮೂಡಲಗಿಯ ಇಂಥವಳೇ ಹೌದು, ನಮ್ಮ ಪಟ್ಟಿಯಲ್ಲಿ ಅದೇ ಹೆಸರಿದೆ. ಹಾಡಿದ ಗಾಯಕಿಯೇ ತನ್ನ ತಾಯಿಯ ಹೆಸರನ್ನು ಬರೆಸಿದ್ದಾಳೆ. ಆದರೆ ಆ ತಾಯಿ ತೀರಿಕೊಂಡಿದ್ದಾಳೆ. ಹಾಗೆಂದು ಮಗಳು ಸ್ಟಾಂಪ್ ಕಾಗದದ ಮೇಲೆ ಪ್ರಮಾಣ ಮಾಡಿ ಬರೆದುಕೊಟ್ಟು ಹಕ್ಕು ತನ್ನದಾಗಿ ಮಾಡಿಕೊಂಡಿದ್ದಾಳೆ, ಫೀಯ ಪಾಲು ಆಕೆಗೇ ಹೋಗುತ್ತದೆ. ನೀವು ಹೆಬ್ಬೆಟ್ಟು ಒತ್ತಿಸಿದ್ದು ಸತ್ತವಳ ಹೆಸರು ಹೇಳಿಕೊಂಡು ಬಂದ ಯಾರೋ ಮೋಸಗಾರ್ತಿಯಿಂದ. ಅಲ್ಲವೆನ್ನುವುದಾದರೆ ಆಕೆಯನ್ನು ಕೋರ್ಟಿನ ಮುಂದೆ ತನ್ನಿ. ಹೌದೆನ್ನುವುದಾದರೆ ತಪ್ಪಾಯಿತೆಂದು ಬರೆದುಕೊಟ್ಟು ಫೀ ಕಟ್ಟಿ.

ನಾನು ಎದ್ದು ನಿಂತೆ. ಕೋರ್ಟಿಗೇ ಹೋಗೋಣ, ಮೂಡಲಗಿಯಲ್ಲಿ ಮುಕ್ಕಾದ ಕಲ್ಲಿದೆ, ಗಾಡಿಯಲ್ಲಿ ಹೇರಿಕೊಂಡು ಹೋಗಿ ಜಜ್ಜನ ಮುಂದೆ ಇಡುತ್ತೇನೆ, ಬದುಕಿದವಳನ್ನು ಸತ್ತಳೆನ್ನುವ ಇವರು ಯಾರು ಎಂದು ಕೂಗಿದೆ. ಅಕ್ಕ ಒಳಗಿನಿಂದ ಹೆದರಿ ಬಂದಳು.

ಮಾಮಾ ನನ್ನ ತೋಳು ಹಿಡಿದು ಕೂಡಿಸಿದರು. “ಗೆದ್ದಿ ಅಂತ ತಿಳಿ. ಗೆದ್ರ ಏನಾಕ್ಕೈತಿ ಗೊತ್ತೈತೇನು? ಆ ಹುಡುಗಿ ಸುಳ್ಳು ಪ್ರಮಾಣ ಮಾಡ್ಯಾಳಂತ ಆಕ್ಕೈತಿ. ಆಕೀನ ಕಟಕಟ್ಯಾಗ ನಿಂದ್ರಸ್ತಾರ. ರೊಕ್ಕ ಹೋಗೂದು ಬ್ಯಾರೆ, ಜೇಲಿಗೆ ಹೋಗೂದು ಬ್ಯಾರೆ.”

ಗುಟ್ಟಾಗಿ ಮಗಳಿಗೇ ಕಾಗದ ಬರೆಯೋಣ ಎಂದೆ. ವಿಳಾಸ ಇರುವುದು ಅದೇ ಕಚೇರಿಯಲ್ಲಿ, ಅಲ್ಲಿ ಬಂದ ಕಾಗದವನ್ನೆಲ್ಲ ಒಡೆದು ಓದುತ್ತಾರೆ ಅಂದರು. ರೇಡಿಯೋದವರಿಗೆ ಬರೆಯೋಣ ಎಂದೆ. ಅವರಿಗೂ ಇವರಿಗೂ ದಿನಾ ವ್ಯವಹಾರ, ಒಂದು ಕಡೆ ತಿಳಿದದ್ದು ಇನ್ನೊಂದು ಕಡೆಗೆ ಮುಟ್ಟಲು ಎಷ್ಟು ಹೊತ್ತು ಅಂದರು. ಅತ್ತ ದರಿ, ಇತ್ತ ಪುಲಿ. ಬಸ್ಸಿನಲ್ಲಿ ಬರುವಾಗ ಏರಿನಲ್ಲಿ ಎಲ್ಲರೂ ಇಳಿದು ನೂಕಿದರು, ನಾನು ಸೀಟಿನಲ್ಲೇ ಕೂತಿದ್ದೆ. ಕಂಡಕ್ಟರ್ ಬೈದದ್ದೂ ಕಿವಿಗೆ ಬೀಳಲಿಲ್ಲ.

ಸಂತೆಯ ತನಕ ಕಾಯದೆ ಮಾರನೆಯ ದಿನವೇ ಹೆಂಡತಿಯನ್ನೂ ಕರೆದುಕೊಂಡು ಮೂಡಲಗಿಗೆ ಹೋದೆ. ಅವಳು ನಮ್ಮನ್ನು ನೋಡಿ ಪಡಸಾಲೆಯಲ್ಲಿ ಕೌದಿ ಹಾಸಿದಳು. ಉತ್ತರ ಬಂತಲ್ಲವೇ ಎಂದು ನನ್ನ ಮುಖ ನೋಡಿದಳು. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆ, ಎಲ್ಲ ಮರೆತು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. ಮಗಳು ನಿನ್ನ ಹೆಸರನ್ನು ಹಾಡಿಗೆ ಹಾಕಿಸಿದ್ದಾಳೆ, ನೀನು ಸತ್ತಿದ್ದೀಯೆಂದೂ ಬರೆದುಕೊಟ್ಟಿದ್ದಾಳೆ.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. “ತಪ್ಪು ಆಕೀದಲ್ಲರಿ,” ಅಂದಳು. “ಆಕಿ ಕಂಪನಿ ಸೇರಿದ ದಿನ ದೈವದ ಮುಂದ, ಊರ ಹಿರ್ಯಾರೆಲ್ಲ ಕೂಡಿದಲ್ಲಿ, ತಲೀಮ್ಯಾಲ ನೀರು ಹಾಕೊಂಡು, ನನ್ನ ಪಾಲಿಗೆ ಸತ್ತಳು ಅಂದಾಕಿ ನಾನು. ಆಕಿ ದೂರ ನಿಂತು ನೋಡಾಕತ್ತಿದ್ಲು.”

ನನ್ನ ಹೆಂಡತಿ ಅವಳ ಕೈಹಿಡಿದು ಕೂತಳು. ಆ ತಾಯಿ, ನಾನು ಬದುಕಿದ್ದೇನೆಂದು ಬರೆದರೆ ಮಗಳಿಗೆ ಬರುವ ರೊಕ್ಕ ನಿಲ್ಲುತ್ತದೆಯೇ ಎಂದು ಕೇಳಿದಳು. ನಿಲ್ಲುತ್ತದೆ ಎಂದೆ. ಮಾಮಾ ಹೇಳಿದ ಕಟಕಟೆಯ ಮಾತನ್ನೂ ಹೇಳಿದೆ. ಆಗ ಅವಳ ಮುಖದಲ್ಲಿ ಗಾಬರಿ ಕಂಡಿತು. ಮೊದಲ ಕಾಗದದಲ್ಲಿ ಆ ಸಾಲು ಬರೆಸಿದ್ದಿರಲ್ಲ, ಅವ್ವ ಬದುಕಿದ್ದಾಳೆ ಎಂದು, ಅದನ್ನು ಓದಿ ಅವರು ಆಕೆಯನ್ನು ಹಿಡಿಯುವುದಿಲ್ಲವೇ ಎಂದು ನನ್ನ ತೋಳು ಹಿಡಿದಳು.

ಬರೆಸಿರಲಿಲ್ಲ ಎಂದೆ. ನಿನಗೆ ಸುಳ್ಳು ಹೇಳಿದೆ ಎಂದೆ. ಬೈದರೆ ಬೈಯಲಿ, ಉಗುಳಿದರೆ ಉಗುಳಲಿ ಎಂದು ತಲೆ ತಗ್ಗಿಸಿ ಕೂತೆ. ಅವಳು ಎರಡೂ ಕೈ ಎತ್ತಿ ನನಗೆ ಮುಗಿದಳು. ಪುಣ್ಯ ಕಟ್ಟಿಕೊಂಡಿರಿ ಎಂದಳು. ನನ್ನ ಜನ್ಮದಲ್ಲಿ ಅಂಥ ಏಟು ನಾನು ತಿಂದಿಲ್ಲ.

ಅವಳೇ ದಾರಿ ಹೇಳಿದಳು. ತಪ್ಪಾಯಿತೆಂದು ಬರೆಯಿರಿ, ನಾನು ಬೇರೆ ಯಾರೋ, ಆ ಹಾಡು ನನ್ನದಲ್ಲ ಎಂದು ಬರೆಯಿರಿ, ಹೆಬ್ಬೆಟ್ಟು ಒತ್ತುತ್ತೇನೆ. ಒಳಗೆ ಹೋಗಿ ಗಡಿಗೆಯಿಂದ ಹನ್ನೊಂದು ರೂಪಾಯಿ ತಂದಳು. ಒಂದನ್ನೂ ಮುರಿಸಿರಲಿಲ್ಲ. ಇದನ್ನೂ ಫೀಯಲ್ಲಿ ಸೇರಿಸಿ ಕಳಿಸಿ, ಆಕೆಗೆ ಮುಟ್ಟಲಿ ಎಂದಳು. ಸೀರೆಯನ್ನೂ ಕೊಡಲು ಬಂದಳು, ನನ್ನ ಹೆಂಡತಿ ತೆಗೆದುಕೊಳ್ಳಲಿಲ್ಲ. ಮಾಮಾ ಬರೆದ ಎರಡನೆಯ ಕಾಗದಕ್ಕೆ ಮುಂದಿನ ಸಂತೆಯ ದಿನ ಅವಳು ಹೆಬ್ಬೆಟ್ಟು ಒತ್ತಿದಳು. ನಾನು ಅಂಗಡಿಯ ಫೀ ಕಟ್ಟಿದೆ. ಆ ವರ್ಷವಷ್ಟೇ ಅಲ್ಲ, ಅಂಗಡಿ ನಡೆಸುವವರೆಗೂ ಒಂದು ವರ್ಷವನ್ನೂ ಬಿಡಲಿಲ್ಲ.

ರೇಡಿಯೋ ಮತ್ತೆ ಹಾಡತೊಡಗಿತು. ಮಂದಿ ಮತ್ತೆ ತುಂಬಿದರು. ಕನ್ನಡದ ಅರ್ಧ ತಾಸಿಗೆ ನಾನು ದನಿ ಪೂರ್ತಿ ಏರಿಸಿ ಇಡುತ್ತಿದ್ದೆ, ಎದುರಿನ ಮೆಟ್ಟಿಲಿಗೆ ಕೇಳಬೇಕೆಂದು. ಒಂದು ದಿನ ಆ ಹಾಡು ಬಂತು. ಬೆಂಚಿನ ಮೇಲಿದ್ದ ದಲಾಲನೊಬ್ಬ ಕಪ್ಪು ಕೆಳಗಿಟ್ಟು, ಆಹಾ ಎಂದು ತಲೆ ತೂಗಿ, ಇದು ನಮ್ಮ ಕಡೆಯ ಪದ ಅಲ್ಲವೇ ಎಂದು ಎಲ್ಲರನ್ನೂ ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಅವನು ಬಾಗಿಲಿಗೆ ಬಂದು ಎದುರಿಗೆ ಕೂಗಿದ: “ಯವ್ವಾ, ನೀ ಮೂಡಲಗಿಯಾಕಿ ಅಲ್ಲ? ಈ ಪದ ಯಾರ ಕಟ್ಟಿದ್ದು ಗೊತ್ತೈತೇನು?”

ಅವಳು ಕೌದಿಯಿಂದ ತಲೆ ಎತ್ತಲಿಲ್ಲ. ಸೂಜಿಯೂ ನಿಲ್ಲಲಿಲ್ಲ.

“ಇಲ್ಲರಿ ಯಪ್ಪಾ,” ಅಂದಳು. “ಯಾರೋ ಸತ್ತಾಕೀದಂತ.”